ಮೂರ್ಛೆ

ಮೂರ್ಛೆ ಎಂದರೆ ಮಿದುಳಿಗೆ ಹರಿಯುವ ರಕ್ತ ಒಟ್ಟಾರೆಯಾಗಿ ಕೆಲ ಸೆಕೆಂಡುಗಳ ಕಾಲ ತೀರ ಕಡಿಮೆಯಾದಾಗ ಉಂಟಾಗುವ ತಾತ್ಕಾಲಿಕ ಪ್ರಜ್ಞಾಲೋಪ. ಇದು ಥಟ್ಟನೆ ತೊಡಗುತ್ತದೆ, ಸ್ವಲ್ಪ ಹೊತ್ತಷ್ಟೇ ಇರುತ್ತದೆ, ತಾನಾಗಿಯೇ ಪೂರ್ಣವಾಗಿ ಸರಿಹೋಗುತ್ತದೆ. ಪ್ರಜ್ಞೆ ತಪ್ಪುವುದರ ಜೊತೆಗೆ ಸ್ನಾಯುಗಳ ಬಿಗಿಯೂ ಹೋಗುವುದರಿಂದ ನಿಂತವರು ಕುಸಿದು ಬೀಳುತ್ತಾರೆ. ಮೂರ್ಛೆ ಸ್ವತಃ ಒಂದು ರೋಗವಲ್ಲ, ಲಕ್ಷಣ. ಇದರ ಹಿಂದೆ ರಕ್ತ ಕಂಡು ಹೆದರಿದಂಥ ನಿರುಪದ್ರವಿ ಕಾರಣವೂ ಇರಬಹುದು, ಪ್ರಾಣಾಪಾಯ ತರುವ ಹೃದ್ರೋಗವೂ ಇರಬಹುದು.

ಪಾರಿಭಾಷಿಕ ಪದಗಳು

ಆಡುಮಾತಿನಲ್ಲಿ ಎಚ್ಚರ ತಪ್ಪುವುದು, ಜ್ಞಾನ ತಪ್ಪುವುದು, ತಲೆ ತಿರುಗಿ ಬೀಳುವುದು, ಬವಳಿ ಬರುವುದು ಎಂಬ ಮಾತುಗಳು ಈ ಸ್ಥಿತಿಗೆ ಬಳಕೆಯಲ್ಲಿವೆ. ವೈದ್ಯರು ಸಿಂಕೋಪ್ ಎನ್ನುತ್ತಾರೆ. ಮೂರ್ಛೆರೋಗ, ಮಲರೋಗ, ಫಿಟ್ಸ್ ಎಂದು ಕರೆಯುವುದು ಅಪಸ್ಮಾರವನ್ನು. ಅದು ಮಿದುಳಿನ ವಿದ್ಯುತ್ ಚಟುವಟಿಕೆ ಏರುಪೇರಾಗುವುದರಿಂದ ಬರುವ ಬೇರೆಯೇ ಕಾಯಿಲೆ. ಈ ಲೇಖನದಲ್ಲಿ ಮೂರ್ಛೆ ಎಂಬ ಪದವನ್ನು ರಕ್ತಪೂರೈಕೆ ತಗ್ಗಿದ್ದರಿಂದ ಆಗುವ ಪ್ರಜ್ಞಾಲೋಪಕ್ಕೆ ಮಾತ್ರ ಬಳಸಲಾಗಿದೆ. ಪ್ರಜ್ಞೆ ಪೂರ್ತಿ ತಪ್ಪದೆ, ಕಣ್ಣು ಕತ್ತಲಿಟ್ಟು ಬೀಳುವಂತಾಗಿ ಅಲ್ಲಿಗೇ ನಿಂತರೆ ಅದು ಅರೆಮೂರ್ಛೆ. ಎರಡರ ಕಾರಣಗಳೂ ಒಂದೇ. ತಪಾಸಣೆಯ ಕ್ರಮವೂ ಒಂದೇ. ಸುತ್ತಲಿನ ವಸ್ತುಗಳು ಗಿರಗಿರನೆ ತಿರುಗಿದಂತೆ ಭಾಸವಾಗುವ ತಲೆಸುತ್ತು ಬಹುಮಟ್ಟಿಗೆ ಒಳಗಿವಿಯ ತೊಂದರೆಯಾಗಿದ್ದು ಮೂರ್ಛೆಯ ವರ್ಗಕ್ಕೆ ಸೇರುವುದಿಲ್ಲ.

ಇತಿಹಾಸ

ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯ ಮದ, ಮೂರ್ಛಾ, ಸಂನ್ಯಾಸ ಎಂಬ ಮೂರು ಸ್ಥಿತಿಗಳನ್ನು ತೀವ್ರತೆಯ ಏರುಕ್ರಮದಲ್ಲಿ ಹೇಳುತ್ತದೆ. ಮೊದಲಿನ ಎರಡು ದೋಷದ ವೇಗ ಇಳಿದಾಗ ತಾವಾಗಿಯೇ ಶಮನವಾಗುತ್ತವೆ, ಸಂನ್ಯಾಸ ಮಾತ್ರ ಔಷಧವಿಲ್ಲದೆ ಶಮನವಾಗದು ಎಂಬುದು ಅಲ್ಲಿನ ವಿಂಗಡಣೆ. ಸುಶ್ರುತಸಂಹಿತೆಯ ಉತ್ತರತಂತ್ರ ಮೂರ್ಛೆಯನ್ನು ವಾತ, ಪಿತ್ತ, ಕಫ, ರಕ್ತ, ಮದ್ಯ, ವಿಷ ಎಂಬ ಆರು ಕಾರಣಗಳಿಗೆ ತಕ್ಕಂತೆ ಆರು ಬಗೆಯಾಗಿ ವರ್ಗೀಕರಿಸುತ್ತದೆ. ಗ್ರೀಸಿನ ಹಿಪಾಕ್ರಟಿಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ, ಕಾರಣ ಕಾಣದೆ ಪದೇ ಪದೇ ತೀವ್ರವಾಗಿ ಮೂರ್ಛೆ ಹೋಗುವವರು ಹಠಾತ್ತನೆ ಸಾಯುತ್ತಾರೆ ಎಂಬ ಅವಲೋಕನ ಇದೆ.

ಆಧುನಿಕ ವೈದ್ಯದಲ್ಲಿ ಹೃದಯಕ್ಕೂ ಮೂರ್ಛೆಗೂ ಇರುವ ನಂಟನ್ನು ಸ್ಪಷ್ಟಪಡಿಸಿದವರು ಡಬ್ಲಿನ್‌ನ ವೈದ್ಯರಾದ ರಾಬರ್ಟ್ ಆಡಮ್ಸ್ (1827) ಮತ್ತು ವಿಲಿಯಂ ಸ್ಟೋಕ್ಸ್ (1846). ನಾಡಿ ತೀರ ನಿಧಾನವಾಗಿ ರೋಗಿ ಕುಸಿಯುವ ಸ್ಥಿತಿಗೆ ಇಂದಿಗೂ ಸ್ಟೋಕ್ಸ್–ಆಡಮ್ಸ್ ಆಘಾತ ಎಂಬ ಹೆಸರಿದೆ. 1932ರಲ್ಲಿ ಲಂಡನ್‌ನ ಥಾಮಸ್ ಲೂಯಿಸ್, ಸಾಮಾನ್ಯ ಮೂರ್ಛೆಯಲ್ಲಿ ಎರಡು ಪ್ರಕ್ರಿಯೆಗಳು ಕೂಡಿರುತ್ತವೆ ಎಂದು ತೋರಿಸಿದ. ಅಟ್ರೊಪಿನ್ ಎಂಬ ಔಷಧ ಕೊಟ್ಟಾಗ ಇಳಿದ ನಾಡಿ ಏರಿತು, ಆದರೆ ರಕ್ತದೊತ್ತಡ ಕೆಳಗೇ ಉಳಿಯಿತು. ಹೃದಯ ನಿಧಾನವಾಗುವುದರ ಜೊತೆಗೆ ರಕ್ತನಾಳಗಳು ಹಿಗ್ಗುವುದೂ ನಡೆಯುತ್ತದೆಂಬುದಕ್ಕೆ ಅದು ಆಧಾರವಾಯಿತು. ವೇಸೊವೇಗಲ್ ಸಿಂಕೋಪ್ ಎಂಬ ಹೆಸರು ಹೀಗೆ ನೆಲೆಗೊಂಡಿತು. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಮೊದಲ ಬಾರಿಗೆ ಮನುಷ್ಯನ ಶರೀರದೊಳಗೆ ಅಳವಡಿಸಿದ. ಆ ರೋಗಿ ಆರ್ನೆ ಲಾರ್ಸನ್‌ಗೆ ಇದ್ದ ತೊಂದರೆ ಸ್ಟೋಕ್ಸ್–ಆಡಮ್ಸ್ ಆಘಾತವೇ. ಆತ 2001ರವರೆಗೆ ಬದುಕಿದ. ಮೂರ್ಛೆಯ ತಪಾಸಣೆಗೆ, ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಮೇಜನ್ನು ಎತ್ತಿ ನೋಡುವ ಓರೆಮೇಜು ಪರೀಕ್ಷೆಯ ಬಳಕೆ 1986ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು.

ಶರೀರಕ್ರಿಯೆ

ಮಿದುಳು ದೇಹದ ತೂಕದ ಸುಮಾರು 2% ಇದ್ದರೂ ಹೃದಯ ಹೊರಹಾಕುವ ರಕ್ತದ ಸುಮಾರು 15% ಅದಕ್ಕೇ ಬೇಕು. ಆಮ್ಲಜನಕವನ್ನಾಗಲಿ ಗ್ಲೂಕೋಸನ್ನಾಗಲಿ ಅದು ಹೇಳಿಕೊಳ್ಳುವಷ್ಟು ಕೂಡಿಡಲಾರದು. ರಕ್ತಪೂರೈಕೆ 6ರಿಂದ 8 ಸೆಕೆಂಡು ನಿಂತರೆ ಪ್ರಜ್ಞೆ ತಪ್ಪುತ್ತದೆ. ನಿಂತವರಲ್ಲಿ ಮಿದುಳು ಹೃದಯಕ್ಕಿಂತ ಮೇಲಿರುವುದರಿಂದ ರಕ್ತ ಗುರುತ್ವಾಕರ್ಷಣೆಯ ಎದುರು ಏರಬೇಕು. ಸಂಕೋಚನದ ರಕ್ತದೊತ್ತಡ 60 ಮಿ.ಮೀ. ಪಾದರಸದ ಆಸುಪಾಸಿಗೆ ಇಳಿದರೆ ಮೂರ್ಛೆ ಬರುತ್ತದೆ.

ಮಲಗಿದವರು ಎದ್ದು ನಿಂತಾಗ 500ರಿಂದ 800 ಮಿ.ಲೀ. ರಕ್ತ ಕಾಲುಗಳ ಮತ್ತು ಹೊಟ್ಟೆಯ ಸಿರೆಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕುತ್ತಿಗೆಯ ಕ್ಯಾರೊಟಿಡ್ ಧಮನಿಯ ಕವಲಿನಲ್ಲೂ ಮಹಾಧಮನಿಯ ಬಾಗಿನಲ್ಲೂ ಇರುವ ಒತ್ತಡಗ್ರಾಹಿಗಳು ಇದನ್ನು ಕೂಡಲೇ ಗುರುತಿಸಿ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅನುವೇದನಾ ನರಮಂಡಲ ಹೃದಯದ ಬಡಿತ ಹೆಚ್ಚಿಸಿ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಮೀನಖಂಡದ ಸ್ನಾಯುಗಳು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ಆಗುವ ಕೆಲಸ. ಈ ಪ್ರತಿಕ್ರಿಯೆ ತಿರುಗುಮುರುಗಾದರೆ, ದುರ್ಬಲವಾದರೆ ಅಥವಾ ಹೃದಯವೇ ರಕ್ತ ದೂಡಲಾಗದೆ ಹೋದರೆ ಮೂರ್ಛೆ ಬರುತ್ತದೆ. ಮೂರ್ಛೆಯ ಮೂರು ಮುಖ್ಯ ವಿಧಗಳಿಗೆ ಈ ಮೂರು ದಾರಿಗಳೇ ಆಧಾರ.

ಬಿದ್ದು ನೆಲಕ್ಕೊರಗಿದ ಮೇಲೆ ಮಿದುಳು, ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ, ಕಾಲಿನ ರಕ್ತ ಹೃದಯಕ್ಕೆ ಮರಳುತ್ತದೆ, ಪ್ರಜ್ಞೆ ಬರುತ್ತದೆ. ಬಿದ್ದವರನ್ನು ಎತ್ತಿ ಕೂರಿಸಿದರೆ ಈ ಸಹಜ ಪರಿಹಾರಕ್ಕೆ ಅಡ್ಡಿಯಾಗುತ್ತದೆ.

ಲಕ್ಷಣಗಳು ಮತ್ತು ಘಟನಾಕ್ರಮ

ಸಾಮಾನ್ಯ ಮೂರ್ಛೆ ಸೂಚನೆ ಕೊಟ್ಟು ಬರುತ್ತದೆ. ಮೊದಲು ಮೈ ಬಿಸಿಯಾದಂತೆ ಅನ್ನಿಸಿ ತಣ್ಣನೆಯ ಬೆವರು ಕಿತ್ತುಕೊಳ್ಳುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಆಕಳಿಕೆ ಬರುತ್ತದೆ, ಹೊಟ್ಟೆ ತೊಳೆಸುತ್ತದೆ. ಕಿವಿ ಮುಚ್ಚಿಕೊಂಡಂತಾಗಿ ಮಾತುಗಳು ದೂರದಿಂದ ಕೇಳಿಸುತ್ತವೆ. ನೋಟ ಅಂಚಿನಿಂದ ಮಸುಕಾಗುತ್ತ ನಡುವಿಗೆ ಕಿರಿದಾಗಿ ಕೊನೆಗೆ ಕತ್ತಲು ಕವಿಯುತ್ತದೆ. ಕಣ್ಣುಗುಡ್ಡೆಯೊಳಗೆ ತನ್ನದೇ ಒತ್ತಡ ಇರುವುದರಿಂದ, ರಕ್ತದೊತ್ತಡ ಇಳಿದಾಗ ಮಿದುಳಿಗಿಂತ ಮೊದಲು ಅಕ್ಷಿಪಟಲಕ್ಕೆ ರಕ್ತ ನಿಲ್ಲುತ್ತದೆ. ಪ್ರಜ್ಞೆ ಇರುವಾಗಲೇ ಕಣ್ಣು ಕತ್ತಲಿಡುವುದು ಇದರಿಂದ. ಈ ಸೂಚನೆಗಳು ಕೆಲ ಸೆಕೆಂಡುಗಳಿಂದ ಒಂದೆರಡು ನಿಮಿಷಗಳವರೆಗೆ ಇರಬಹುದು. ವಯಸ್ಸಾದವರಲ್ಲಿ ಇವು ಮಂಕಾಗಿರಬಹುದು ಅಥವಾ ಇಲ್ಲದೆಯೇ ಇರಬಹುದು.

ಪ್ರಜ್ಞೆ ತಪ್ಪಿದ ಮೇಲೆ ಮೈ ಸಡಿಲವಾಗಿ ಬೀಳುತ್ತದೆ. ಕಣ್ಣುಗಳು ಸಾಮಾನ್ಯವಾಗಿ ತೆರೆದೇ ಇದ್ದು ಮೇಲಕ್ಕೆ ಹೊರಳುತ್ತವೆ. ನಾಡಿ ಸಣ್ಣಗೆ, ನಿಧಾನವಾಗಿ ಬಡಿಯುತ್ತದೆ, ಕೆಲವೊಮ್ಮೆ ಕೈಗೆ ಸಿಕ್ಕುವುದೇ ಇಲ್ಲ. ಕೈಕಾಲು ಕೆಲ ಬಾರಿ ಅದುರಬಹುದು. ಜರ್ಮನಿಯ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಉದ್ದೇಶಪೂರ್ವಕವಾಗಿ ಮೂರ್ಛೆ ಬರಿಸಿ ವಿಡಿಯೊ ದಾಖಲಿಸಲಾಯಿತು. ಪೂರ್ತಿ ಪ್ರಜ್ಞೆ ತಪ್ಪಿದ 42 ಜನರಲ್ಲಿ 90%ರಷ್ಟು ಮಂದಿಗೆ ಇಂಥ ಅದುರುವಿಕೆ ಕಂಡಿತು. ಪ್ರಜ್ಞೆ ತಪ್ಪಿದ ಅವಧಿಯ ಸರಾಸರಿ ಸುಮಾರು 12 ಸೆಕೆಂಡು. ಕೈಕಾಲು ಅದುರಿದ ಮಾತ್ರಕ್ಕೆ ಅಪಸ್ಮಾರ ಎನ್ನಲಾಗದು ಎಂಬುದಕ್ಕೆ ಇದು ಮುಖ್ಯ ಪುರಾವೆ. ಎಚ್ಚರವಾದ ಕೂಡಲೇ ಹೆಸರು, ಜಾಗ ಸರಿಯಾಗಿ ಹೇಳಬಲ್ಲರು. ಸುಸ್ತು ಮಾತ್ರ ಕೆಲವರಿಗೆ ಗಂಟೆಗಟ್ಟಲೆ ಉಳಿಯುತ್ತದೆ.

ವಿಧಗಳು

ಪ್ರತಿವರ್ತನ ಮೂರ್ಛೆ: ಎಲ್ಲ ವಯಸ್ಸಿನಲ್ಲೂ ಹೆಚ್ಚಾಗಿ ಕಾಣುವ ಬಗೆ. ಯಾವುದೋ ಪ್ರಚೋದನೆಯಿಂದ ವೇಗಸ್ ನರ ಹೃದಯವನ್ನು ನಿಧಾನಗೊಳಿಸುತ್ತದೆ, ಜೊತೆಗೇ ರಕ್ತನಾಳಗಳ ಬಿಗಿ ಸಡಿಲುತ್ತದೆ. ಇದರಲ್ಲಿ ಮೂರು ಉಪವಿಧಗಳುಂಟು. ಮೊದಲನೆಯದು ವೇಸೊವೇಗಲ್ ಮೂರ್ಛೆ. ರಕ್ತ ಕಾಣುವುದು, ಸೂಜಿ ಚುಚ್ಚಿಸಿಕೊಳ್ಳುವುದು, ನೋವು, ಭಯ, ಆಘಾತದ ಸುದ್ದಿ, ಸೆಕೆಯಲ್ಲಿ ಬಹಳ ಹೊತ್ತು ನಿಲ್ಲುವುದು ಇದರ ಪ್ರಚೋದಕಗಳು. ಶಾಲೆಯ ಪ್ರಾರ್ಥನೆ, ಧ್ವಜವಂದನೆಯ ಕವಾಯತು, ದೇವಸ್ಥಾನದ ಸರತಿ ಸಾಲು, ಕಲ್ಯಾಣ ಮಂಟಪದ ನೂಕುನುಗ್ಗಲುಗಳಲ್ಲಿ ಮಕ್ಕಳೂ ಹರೆಯದವರೂ ಬೀಳುವುದು ಬಹುತೇಕ ಇದರಿಂದಲೇ. ಉಪವಾಸ, ನೀರು ಕುಡಿಯದಿರುವುದು, ನಿದ್ದೆಗೇಡು ಜೊತೆಗೂಡಿದರೆ ಸಾಧ್ಯತೆ ಹೆಚ್ಚು. ಎರಡನೆಯದು ಸಾಂದರ್ಭಿಕ ಮೂರ್ಛೆ. ಮೂತ್ರ ವಿಸರ್ಜನೆ, ಮಲವಿಸರ್ಜನೆಗೆ ಮುಕ್ಕುವುದು, ಜೋರು ಕೆಮ್ಮು, ನುಂಗುವುದು ಇಂಥ ನಿರ್ದಿಷ್ಟ ಕ್ರಿಯೆಗಳ ವೇಳೆ ಅಥವಾ ಅವು ಮುಗಿದೊಡನೆ ಬರುತ್ತದೆ. ರಾತ್ರಿ ಹಾಸಿಗೆಯಿಂದೆದ್ದು ನಿಂತು ಮೂತ್ರ ಮಾಡುವ ಗಂಡಸರು ಬಚ್ಚಲಲ್ಲಿ ಬೀಳುವುದು ಪರಿಚಿತ ಉದಾಹರಣೆ. ಮೂರನೆಯದು ಕ್ಯಾರೊಟಿಡ್ ಸೈನಸ್ ಮೂರ್ಛೆ. ಬಿಗಿ ಕಾಲರು, ಕ್ಷೌರ, ಕತ್ತು ತಿರುಗಿಸುವಿಕೆಗಳಿಂದ ಕುತ್ತಿಗೆಯ ಒತ್ತಡಗ್ರಾಹಿಗಳು ಕೆರಳಿ ಬರುವ ಇದು ಹೆಚ್ಚಾಗಿ ವಯಸ್ಸಾದ ಗಂಡಸರಲ್ಲಿ ಕಾಣುತ್ತದೆ.

ನಿಲುವಿನ ರಕ್ತದೊತ್ತಡ ಇಳಿತದ ಮೂರ್ಛೆ: ಎದ್ದು ನಿಂತ 3 ನಿಮಿಷಗಳೊಳಗೆ ಸಂಕೋಚನದ ಒತ್ತಡ 20 ಮಿ.ಮೀ. ಅಥವಾ ವ್ಯಾಕೋಚನದ ಒತ್ತಡ 10 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಇಳಿದರೆ ಈ ಸ್ಥಿತಿ ಇದೆ ಎನ್ನಲಾಗುತ್ತದೆ. ವಾಂತಿಭೇದಿ, ಜ್ವರ, ರಕ್ತಸ್ರಾವಗಳಿಂದ ಮೈಯ ನೀರು ಅಥವಾ ರಕ್ತ ಕಡಿಮೆಯಾಗುವುದು ಒಂದು ಕಾರಣ. ಔಷಧಗಳು ಇನ್ನೊಂದು: ಬಿಪಿ ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಎದೆನೋವಿಗೆ ಕೊಡುವ ನೈಟ್ರೇಟುಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಜಾತಿಯವು. ದೀರ್ಘಕಾಲದ ಸಕ್ಕರೆ ಕಾಯಿಲೆ ಮತ್ತು ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಸ್ವಾಯತ್ತ ನರಗಳೇ ಕೆಟ್ಟು ಒತ್ತಡ ಇಳಿಯುತ್ತದೆ. ವಯಸ್ಸಾದವರಲ್ಲಿ ಭರ್ಜರಿ ಊಟದ ನಂತರವೂ ಹೀಗಾಗುವುದುಂಟು.

ಹೃದಯಮೂಲ ಮೂರ್ಛೆ: ಅತಿ ಗಂಭೀರ ವಿಧ. ಬಡಿತದ ಲಯ ಕೆಡುವುದು ಇದರ ಮುಖ್ಯ ಕಾರಣ. ಸಂಪೂರ್ಣ ಹೃದಯ ತಡೆಯಲ್ಲಿ ನಾಡಿ ತೀರ ನಿಧಾನವಾಗುತ್ತದೆ. ಹೃತ್ಕುಕ್ಷಿಯ ಅತಿವೇಗದ ಬಡಿತದಲ್ಲಿ ಗುಂಡಿಗೆಗೆ ರಕ್ತ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹುಟ್ಟಿನಿಂದ ಬರುವ ದೀರ್ಘ ಕ್ಯುಟಿ ದೋಷ, 1992ರಲ್ಲಿ ವಿವರಿಸಲಾದ ಬ್ರುಗಾಡ ದೋಷಗಳಲ್ಲಿ ಹೃದಯದ ಆಕಾರ ಸರಿಯಾಗಿದ್ದರೂ ಲಯ ಹಠಾತ್ ಕೆಡಬಹುದು. ರಚನೆಯ ದೋಷಗಳಲ್ಲಿ ಮಹಾಧಮನಿಯ ಕವಾಟ ಕಿರಿದಾಗುವುದು, ಹೃದಯದ ಸ್ನಾಯು ದಪ್ಪಗಾಗುವುದು, ಶ್ವಾಸಕೋಶದ ಧಮನಿಗೆ ರಕ್ತದ ಹೆಪ್ಪು ಅಡ್ಡವಾಗುವುದು, ಮಹಾಧಮನಿಯ ಗೋಡೆ ಸೀಳುವುದು ಸೇರುತ್ತವೆ. ಇಂಥ ಮೂರ್ಛೆ ಮುನ್ಸೂಚನೆ ಇಲ್ಲದೆ ಬರಬಹುದು. ಓಡುವಾಗ, ಭಾರ ಎತ್ತುವಾಗ, ಮಲಗಿರುವಾಗಲೂ ಬರಬಹುದು.

ಮೂರ್ಛೆಯನ್ನು ಹೋಲುವ ಸ್ಥಿತಿಗಳು

ಅಪಸ್ಮಾರದ ಸೆಳವು: ಮೈ ಮೊದಲು ಸೆಟೆದುಕೊಂಡು ಆಮೇಲೆ ಲಯಬದ್ಧವಾಗಿ ಒಂದು ನಿಮಿಷ ಅಥವಾ ಹೆಚ್ಚು ಹೊತ್ತು ಅದುರುತ್ತದೆ. ಮುಖ ನೀಲಿಗಟ್ಟುತ್ತದೆ, ನಾಲಿಗೆಯ ಪಕ್ಕ ಕಚ್ಚಿ ಗಾಯವಾಗುತ್ತದೆ, ಎಚ್ಚರವಾದ ಮೇಲೂ ಬಹಳ ಹೊತ್ತು ಗೊಂದಲ ಇರುತ್ತದೆ. ಮೂರ್ಛೆಯಲ್ಲಿ ಅದುರುವಿಕೆ ಬಿದ್ದ ಮೇಲೆ ಶುರುವಾಗಿ ಹತ್ತಕ್ಕಿಂತ ಕಡಿಮೆ ಸಲ, ಲಯವಿಲ್ಲದೆ ನಡೆದು ನಿಲ್ಲುತ್ತದೆ. ಬಟ್ಟೆಯಲ್ಲಿ ಮೂತ್ರವಾಗುವುದು ಎರಡರಲ್ಲೂ ಸಾಧ್ಯ.

ರಕ್ತದ ಸಕ್ಕರೆ ಇಳಿಯುವುದು: ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದವರಲ್ಲಿ ನಡುಕ, ಬೆವರು, ಅಸಂಬದ್ಧ ಮಾತು ಕಂಡು ಪ್ರಜ್ಞೆ ನಿಧಾನವಾಗಿ ಮಂಕಾಗುತ್ತದೆ. ಇದು ತಾನಾಗಿ ಸರಿಹೋಗದು.

ಪಾರ್ಶ್ವವಾಯು: ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಬಲಗುಂದುವುದು, ಮಾತು ತೊದಲುವುದು ಇದರ ಗುರುತುಗಳು. ಪ್ರಜ್ಞೆ ಮಾತ್ರ ಕ್ಷಣಕಾಲ ತಪ್ಪಿ ಮರಳುವುದು ಇದರಲ್ಲಿ ಅಪರೂಪ.

ಬಿಸಿಲಾಘಾತ: ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಗೊಂದಲ ಅಥವಾ ಪ್ರಜ್ಞಾಹೀನತೆ ಬರುತ್ತದೆ. ಮೈಯನ್ನು ಕೂಡಲೇ ತಣ್ಣಗೆ ಮಾಡದಿದ್ದರೆ ಪ್ರಾಣಾಪಾಯ.

ವಿಷಾನಿಲ: ಹಾಳುಬಾವಿ, ಶೌಚಗುಂಡಿ, ಮ್ಯಾನ್‌ಹೋಲ್, ಮುಚ್ಚಿದ ಕೋಣೆಯಲ್ಲಿ ಓಡುವ ಜನರೇಟರು ಇರುವಲ್ಲಿ ಒಬ್ಬರು ಕುಸಿದರೆ ಅದು ಮೂರ್ಛೆಯಲ್ಲ. ಉಸಿರಾಟದ ಸಾಧನವಿಲ್ಲದೆ ಒಳಗಿಳಿದವರೂ ಕುಸಿಯುತ್ತಾರೆ. ಅಗ್ನಿಶಾಮಕ ದಳವನ್ನು ಕರೆಯಬೇಕು.

ಮಾನಸಿಕ ಕಾರಣದ ಕುಸಿತ: ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಹಲವು ನಿಮಿಷಗಳ ಕಾಲ ಮುಂದುವರಿಯುತ್ತದೆ, ನಾಡಿಯೂ ರಕ್ತದೊತ್ತಡವೂ ಸರಿಯಾಗಿರುತ್ತವೆ. ಇದು ನಟನೆಯಲ್ಲ; ಚಿಕಿತ್ಸೆ ಬೇಕಾದ ಸ್ಥಿತಿ.

ಹೃದಯಸ್ತಂಭನ: ಪ್ರಜ್ಞೆ ಇಲ್ಲ, ಸಹಜ ಉಸಿರಾಟವೂ ಇಲ್ಲ. ಆರಂಭದಲ್ಲಿ ಬಿಟ್ಟುಬಿಟ್ಟು ಏದುಸಿರು, ಗೊರಕೆಯಂಥ ಸದ್ದು ಅಥವಾ ಸೆಳವಿನಂಥ ಅದುರುವಿಕೆ ಕಾಣುವುದರಿಂದ ಮೂರ್ಛೆ ಅಥವಾ ಫಿಟ್ಸ್ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ವ್ಯಾಪ್ತಿ

ಜೀವಮಾನದಲ್ಲಿ ಒಮ್ಮೆಯಾದರೂ ಮೂರ್ಛೆ ಹೋದವರು ಜನಸಂಖ್ಯೆಯ ಸುಮಾರು ಮೂರನೇ ಒಂದರಷ್ಟು ಎಂಬುದು ಸಾಮಾನ್ಯ ಅಂದಾಜು. ಮೊದಲ ಮೂರ್ಛೆ 10ರಿಂದ 30 ವರ್ಷದೊಳಗೆ ಹೆಚ್ಚು, ಅದರಲ್ಲೂ ಹುಡುಗಿಯರಲ್ಲಿ ಹೆಚ್ಚು. 65 ದಾಟಿದ ಮೇಲೆ ಪ್ರಮಾಣ ಮತ್ತೆ ಏರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 7,814 ಜನರನ್ನು ಸರಾಸರಿ 17 ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 822 ಮಂದಿ ಮೂರ್ಛೆಗೆ ಒಳಗಾಗಿದ್ದರು. ಅವರಲ್ಲಿ 21.2% ವೇಸೊವೇಗಲ್, 9.5% ಹೃದಯಮೂಲ, 9.4% ನಿಲುವಿನ ಒತ್ತಡ ಇಳಿತದವು. 36.6% ಪ್ರಕರಣಗಳಲ್ಲಿ ಕಾರಣ ತಿಳಿಯಲಿಲ್ಲ. ಹೃದಯಮೂಲ ಮೂರ್ಛೆ ಬಂದವರಲ್ಲಿ ಸಾವಿನ ಸಂಭವ ಮೂರ್ಛೆ ಬರದವರಿಗಿಂತ ಎರಡು ಪಟ್ಟು ಇತ್ತು. ವೇಸೊವೇಗಲ್ ಮೂರ್ಛೆಯವರಲ್ಲಿ ಹೆಚ್ಚಳ ಕಾಣಲಿಲ್ಲ.

ಪ್ರಥಮ ಚಿಕಿತ್ಸೆ

ಬೀಳುವ ಸೂಚನೆ ಕಂಡವರು ಕೂಡಲೇ ನೆಲದ ಮೇಲೆ ಮಲಗಬೇಕು. ಜಾಗವಿಲ್ಲದಿದ್ದರೆ ಕುಕ್ಕರಗಾಲಿನಲ್ಲಿ ಕೂರಬಹುದು. ಒಂದು ಕಾಲನ್ನು ಇನ್ನೊಂದರ ಮೇಲೆ ಹೆಣೆದು ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುವುದು, ಮುಷ್ಟಿ ಬಿಗಿಯುವುದು, ಎರಡೂ ಕೈಬೆರಳು ಕೊಂಡಿಹಾಕಿ ವಿರುದ್ಧ ದಿಕ್ಕಿಗೆ ಎಳೆಯುವುದು ರಕ್ತದೊತ್ತಡವನ್ನು ಏರಿಸುತ್ತವೆ. ಇವಕ್ಕೆ ಪ್ರತಿಒತ್ತಡ ಕ್ರಮಗಳೆಂದು ಹೆಸರು. ಸೂಚನೆ ಅರಿತು ಮಾಡಿದರೆ ಮೂರ್ಛೆ ತಪ್ಪಬಹುದು, ಇಲ್ಲವೆ ಮಲಗಲು ಸಮಯ ಸಿಗಬಹುದು.

ಬೀಳುತ್ತಿರುವವರ ತಲೆ ನೆಲಕ್ಕೆ ಬಡಿಯದಂತೆ ಹಿಡಿದು ಮೆಲ್ಲಗೆ ಇಳಿಸಬೇಕು. ಬಿದ್ದ ಮೇಲೆ ಕರೆದು, ಭುಜ ತಟ್ಟಿ, ಎದೆ ಏರಿಳಿಯುತ್ತಿದೆಯೇ ಎಂದು 10 ಸೆಕೆಂಡಿನೊಳಗೆ ನೋಡಬೇಕು. ಉಸಿರಾಟ ಸರಿ ಇದ್ದರೆ ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು ಸುಮಾರು ಒಂದು ಅಡಿ ಎತ್ತಿ ಹಿಡಿಯಬೇಕು ಅಥವಾ ದಿಂಬು, ಬ್ಯಾಗಿನ ಮೇಲಿಡಬೇಕು. ಕಾಲಿಗೋ ಬೆನ್ನುಮೂಳೆಗೋ ಪೆಟ್ಟಾದ ಶಂಕೆ ಇದ್ದರೆ ಕಾಲು ಎತ್ತಬಾರದು. ಕತ್ತು ಮತ್ತು ಸೊಂಟದ ಬಿಗಿ ಉಡುಪನ್ನು ಸಡಿಲಿಸಿ, ಸುತ್ತ ಮುತ್ತಿದ ಜನರನ್ನು ಸರಿಸಿ ಗಾಳಿಯಾಡಲು ಬಿಡಬೇಕು. ವಾಂತಿಯಾಗುತ್ತಿದ್ದರೆ ಅಥವಾ ಬಾಯಲ್ಲಿ ನೊರೆ, ರಕ್ತ ಇದ್ದರೆ ಒಂದು ಮಗ್ಗುಲಿಗೆ ಹೊರಳಿಸಬೇಕು. ದಿನ ತುಂಬುತ್ತಿರುವ ಗರ್ಭಿಣಿಯರನ್ನು ಎಡಮಗ್ಗುಲಿಗೆ ಮಲಗಿಸಬೇಕು. ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ಸಿರೆಯ ಮೇಲೆ ಬಿದ್ದು ರಕ್ತದ ಮರುಹರಿವು ಇನ್ನಷ್ಟು ತಗ್ಗುತ್ತದೆ.

ಎಚ್ಚರವಾದ ಕೂಡಲೇ ಎಬ್ಬಿಸಬಾರದು. ಹತ್ತು ಹದಿನೈದು ನಿಮಿಷ ಮಲಗಿಸಿ, ಆಮೇಲೆ ಸ್ವಲ್ಪ ಹೊತ್ತು ಕೂರಿಸಿ, ತಲೆ ತಿರುಗದಿದ್ದರೆ ನಿಲ್ಲಿಸಬೇಕು. ಪೂರ್ತಿ ಎಚ್ಚರವಿದ್ದು ನುಂಗಲು ಆಗುವುದಾದರೆ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಬಹುದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದ ಶಂಕೆ ಇದ್ದರೆ ಸಕ್ಕರೆ ನೀರು ಕೊಡಬೇಕು. ಬಿದ್ದಾಗ ತಲೆ, ಸೊಂಟ, ಮಣಿಕಟ್ಟಿಗೆ ಪೆಟ್ಟಾಗಿದೆಯೇ ಎಂದು ನೋಡಬೇಕು.

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕುರ್ಚಿಯಲ್ಲಿ ಕೂರಿಸುವುದು, ಎತ್ತಿ ನಿಲ್ಲಿಸುವುದು, ಆಟೊದಲ್ಲಿ ಕೂತ ಭಂಗಿಯಲ್ಲಿ ಸಾಗಿಸುವುದು ಹಾನಿಕರ. ಕೆನ್ನೆಗೆ ಹೊಡೆಯುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡುವುದು ರೂಢಿಯಲ್ಲಿವೆ. ಇವುಗಳಿಂದ ಪ್ರಯೋಜನವಿಲ್ಲ, ಮೂರ್ಛೆಯೂ ಬಹುತೇಕ ಸೆಳವುಗಳೂ ಆ ಹೊತ್ತಿಗೆ ತಾವಾಗಿಯೇ ನಿಲ್ಲುವುದರಿಂದ ಫಲ ಸಿಕ್ಕಂತೆ ತೋರುತ್ತದೆ. ಸೆಳವು ಬಂದವರ ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ.

ಉಸಿರಾಟ ಇಲ್ಲದಿದ್ದರೆ ಅಥವಾ ಏದುಸಿರಷ್ಟೇ ಇದ್ದರೆ ಹೃದಯಸ್ತಂಭನವೆಂದು ತಿಳಿದು 108 ಅಥವಾ 112ಕ್ಕೆ ಕರೆ ಮಾಡಿಸಿ ತಕ್ಷಣ ಎದೆ ಒತ್ತಲು ಶುರುಮಾಡಬೇಕು. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಗ್ಗಿಸದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಹತ್ತಿರದಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವಿದ್ದರೆ ತರಿಸಿ ಅದು ಹೇಳುವ ಸೂಚನೆಯಂತೆ ನಡೆಯಬೇಕು.

ಅಪಾಯದ ಚಿಹ್ನೆಗಳು

ಈ ಕೆಳಗಿನ ಸಂದರ್ಭಗಳಲ್ಲಿ ವ್ಯಕ್ತಿ ಚೇತರಿಸಿಕೊಂಡಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು: ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿರುವುದು, ಎದೆನೋವು, ಉಸಿರುಕಟ್ಟುವಿಕೆ ಅಥವಾ ಎದೆ ಡವಡವ ಇರುವುದು, ಶ್ರಮದ ನಡುವೆ ಅಥವಾ ಮಲಗಿರುವಾಗ ಬಿದ್ದಿರುವುದು, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದು ಪೆಟ್ಟಾಗಿರುವುದು, ಈಗಾಗಲೇ ಹೃದ್ರೋಗ ಇರುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿರುವುದು, ಕಪ್ಪು ಮಲ ಅಥವಾ ರಕ್ತವಾಂತಿ, ಸಿಡಿಯುವಂಥ ತಲೆನೋವು, ಕೈಕಾಲಿನ ಬಲಹೀನತೆ, ಜೇನುಹುಳು ಕಡಿದ ಅಥವಾ ಔಷಧ ತೆಗೆದುಕೊಂಡ ಬಳಿಕ ಮೈಯೆಲ್ಲ ದದ್ದೆದ್ದು ಬಿದ್ದಿರುವುದು. ಮುಟ್ಟು ತಪ್ಪಿದ ಮಹಿಳೆ ಕೆಳಹೊಟ್ಟೆಯ ನೋವಿನೊಡನೆ ಮೂರ್ಛೆ ಹೋದರೆ ಗರ್ಭನಾಳದಲ್ಲಿ ಬೆಳೆದ ಗರ್ಭ ಒಡೆದು ಒಳಗೆ ರಕ್ತ ಸುರಿಯುತ್ತಿರಬಹುದು. ಇದು ತುರ್ತು ಶಸ್ತ್ರಚಿಕಿತ್ಸೆಯ ಸ್ಥಿತಿ.

ರೋಗನಿರ್ಣಯ

ರೋಗಿಯ ಮತ್ತು ಕಂಡವರ ಹೇಳಿಕೆ, ದೇಹಪರೀಕ್ಷೆ, ಮಲಗಿಸಿ ಹಾಗೂ ನಿಲ್ಲಿಸಿ ತೆಗೆದ ರಕ್ತದೊತ್ತಡ, ಇಸಿಜಿ ಇವಿಷ್ಟು ಮೊದಲ ಹಂತ. ಯಾವ ಭಂಗಿಯಲ್ಲಿದ್ದರು, ಏನು ಮಾಡುತ್ತಿದ್ದರು, ಬೀಳುವ ಮೊದಲು ಏನನ್ನಿಸಿತು, ಮುಖದ ಬಣ್ಣ ಹೇಗಿತ್ತು, ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಎದ್ದ ಮೇಲೆ ಗೊಂದಲವಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅನೇಕರಲ್ಲಿ ಕಾರಣ ಇಲ್ಲಿಯೇ ತಿಳಿಯುತ್ತದೆ. ಮೂರ್ಛೆ ಹೋದ ಎಲ್ಲರಿಗೂ ಇಸಿಜಿ ಅಗತ್ಯ. ಹೃದಯದ ಶಂಕೆ ಇದ್ದರೆ ಎಕೋ ಮಾಡುತ್ತಾರೆ, 24 ಗಂಟೆ ಅಥವಾ ಹೆಚ್ಚು ಹೊತ್ತು ಲಯ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟುತ್ತಾರೆ. ಬಹಳ ಅಪರೂಪಕ್ಕೆ ಮರುಕಳಿಸುವ ಮೂರ್ಛೆಗೆ ಎದೆಯ ಚರ್ಮದಡಿ ಇಡುವ ಪುಟ್ಟ ದಾಖಲೆ ಯಂತ್ರ ಇದೆ. ಅದು ವರ್ಷಗಟ್ಟಲೆ ಲಯವನ್ನು ಗಮನಿಸುತ್ತದೆ. ರಕ್ತಹೀನತೆ, ಸಕ್ಕರೆ, ಲವಣಾಂಶಗಳ ರಕ್ತಪರೀಕ್ಷೆ ಸಂದರ್ಭಕ್ಕೆ ತಕ್ಕಂತೆ ನಡೆಯುತ್ತದೆ. ಸರಳ ಮೂರ್ಛೆಯಲ್ಲಿ ತಲೆಯ ಸ್ಕ್ಯಾನ್ ಮತ್ತು ಇಇಜಿಯಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ತಲೆಗೆ ಪೆಟ್ಟು, ಕೈಕಾಲಿನ ಬಲಹೀನತೆ, ಸೆಳವಿನ ಶಂಕೆ ಇದ್ದಾಗ ಮಾತ್ರ ಬೇಕು.

ಓರೆಮೇಜು ಪರೀಕ್ಷೆಯಲ್ಲಿ ರೋಗಿಯನ್ನು ಪಾದದಡಿ ಹಲಗೆ ಇರುವ ಮೇಜಿನ ಮೇಲೆ ಮಲಗಿಸಿ ಪಟ್ಟಿ ಬಿಗಿಯುತ್ತಾರೆ. ಕೆಲ ನಿಮಿಷ ಮಲಗಿದ್ದ ಬಳಿಕ ಮೇಜನ್ನು 60ರಿಂದ 70 ಡಿಗ್ರಿ ಎತ್ತಿ 20ರಿಂದ 45 ನಿಮಿಷ ಇಡುತ್ತಾರೆ. ಕಾಲಿನ ಸ್ನಾಯುಗಳಿಗೆ ಕೆಲಸವಿಲ್ಲದ ಕಾರಣ ರಕ್ತ ಕೆಳಗೆ ನಿಲ್ಲುತ್ತದೆ. ಪ್ರವೃತ್ತಿ ಇದ್ದವರಲ್ಲಿ ನಾಡಿಯೂ ಒತ್ತಡವೂ ಒಟ್ಟಿಗೆ ಇಳಿದು ಎಂದಿನ ಸೂಚನೆಗಳೇ ಮರುಕಳಿಸುತ್ತವೆ. ಮೇಜು ಇಳಿಸಿದ ಕೂಡಲೇ ಸರಿಹೋಗುತ್ತದೆ. ನಾಲಿಗೆಯಡಿ ನೈಟ್ರೊಗ್ಲಿಸರಿನ್ ಕೊಟ್ಟು ಪರೀಕ್ಷೆಯ ಸೂಕ್ಷ್ಮತೆ ಹೆಚ್ಚಿಸುವುದುಂಟು.

ಚಿಕಿತ್ಸೆ ಮತ್ತು ತಡೆ

ಪ್ರತಿವರ್ತನ ಮೂರ್ಛೆಗೆ ಬಹುಪಾಲು ಜನರಲ್ಲಿ ಔಷಧ ಬೇಡ. ಪ್ರಚೋದಕವನ್ನು ಗುರುತಿಸುವುದು, ದಿನಕ್ಕೆ ಎರಡರಿಂದ ಮೂರು ಲೀಟರು ದ್ರವ ಕುಡಿಯುವುದು, ಊಟ ತಪ್ಪಿಸದಿರುವುದು, ಸಾಲಿನಲ್ಲಿ ನಿಂತಾಗ ಕಾಲಾಡಿಸುತ್ತಿರುವುದು, ಪ್ರತಿಒತ್ತಡ ಕ್ರಮಗಳನ್ನು ಕಲಿಯುವುದು ಮುಖ್ಯ. 2006ರಲ್ಲಿ ಪ್ರಕಟವಾದ 223 ರೋಗಿಗಳ ಪ್ರಯೋಗದಲ್ಲಿ ಈ ಕ್ರಮಗಳನ್ನು ಕಲಿತವರಲ್ಲಿ ಮೂರ್ಛೆಯ ಮರುಕಳಿಕೆ 39% ಕಡಿಮೆಯಾಯಿತು. ಉಪ್ಪಿನ ಪ್ರಮಾಣ ಹೆಚ್ಚಿಸುವ ಸಲಹೆ ಅಧಿಕ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಅನ್ವಯಿಸದು. ಪದೇ ಪದೇ ಬೀಳುವವರಿಗೆ ಮಿಡೊಡ್ರಿನ್, ಫ್ಲೂಡ್ರೊಕಾರ್ಟಿಸೋನ್ ಔಷಧಗಳನ್ನು ವೈದ್ಯರು ಪರಿಗಣಿಸುತ್ತಾರೆ. ನಿಲುವಿನ ಒತ್ತಡ ಇಳಿತದವರು ಹಾಸಿಗೆಯಲ್ಲಿ ಮೊದಲು ಕೂತು, ಕಾಲು ಇಳಿಬಿಟ್ಟು, ಬಳಿಕ ನಿಲ್ಲಬೇಕು. ಗಂಡಸರು ರಾತ್ರಿ ಕೂತೇ ಮೂತ್ರ ಮಾಡಬೇಕು. ಮಾತ್ರೆಗಳ ಪ್ರಮಾಣವನ್ನು ವೈದ್ಯರು ಮರುಪರಿಶೀಲಿಸಬೇಕು. ರೋಗಿ ತಾನೇ ನಿಲ್ಲಿಸಬಾರದು.

ಹೃದಯಮೂಲ ಮೂರ್ಛೆಯಲ್ಲಿ ಮೂಲಕಾರಣಕ್ಕೆ ಚಿಕಿತ್ಸೆ. ಹೃದಯ ತಡೆಗೆ ಪೇಸ್‌ಮೇಕರ್, ಪ್ರಾಣಾಂತಿಕ ಅತಿವೇಗದ ಬಡಿತಕ್ಕೆ ಅಳವಡಿಸುವ ಡಿಫಿಬ್ರಿಲೇಟರ್, ಹೆಚ್ಚುವರಿ ವಿದ್ಯುನ್ಮಾರ್ಗ ಇದ್ದರೆ ಕೆತೀಟರ್ ಮೂಲಕ ಅದನ್ನು ಸುಡುವುದು, ಕಿರಿದಾದ ಕವಾಟಕ್ಕೆ ಬದಲಿ ಕವಾಟ ರೂಢಿಯ ವಿಧಾನಗಳು.

ವಿಶೇಷ ಸಂದರ್ಭಗಳು

ಆರು ತಿಂಗಳಿಂದ ಆರು ವರ್ಷದವರೆಗಿನ ಕೆಲವು ಮಕ್ಕಳು ಅಳುತ್ತ ಉಸಿರು ಕಟ್ಟಿ ನೀಲಿಯಾಗಿ ಅಥವಾ ಬಿಳಿಚಿ ಎಚ್ಚರ ತಪ್ಪುವುದುಂಟು. ಇದು ಸಾಮಾನ್ಯವಾಗಿ ನಿರುಪದ್ರವಿ. ಕಬ್ಬಿಣದ ಕೊರತೆ ಇದ್ದರೆ ಸರಿಪಡಿಸಬೇಕು. ರಕ್ತದಾನಿಗಳು ಮೊದಲು ಅರ್ಧ ಲೀಟರು ನೀರು ಕುಡಿಯುವುದರಿಂದ, ಆಮೇಲೆ ಸ್ವಲ್ಪ ಹೊತ್ತು ಮಲಗಿರುವುದರಿಂದ ಮೂರ್ಛೆ ಕಡಿಮೆಯಾಗುತ್ತದೆ. ಲಸಿಕೆ ಹಾಕಿದ ಮೇಲೆ 15 ನಿಮಿಷ ಕೂರಿಸುವುದಕ್ಕೆ ಮೂರ್ಛೆಯ ಸಾಧ್ಯತೆಯೂ ಒಂದು ಕಾರಣ. ಓಟ ಮುಗಿಸಿ ಥಟ್ಟನೆ ನಿಂತಾಗ ಬರುವ ಮೂರ್ಛೆ ಕಾಲಿನಲ್ಲಿ ರಕ್ತ ನಿಲ್ಲುವುದರಿಂದ ಆಗುವಂಥದು. ಓಡುತ್ತಿರುವಾಗಲೇ ಬಿದ್ದರೆ ಹೃದಯ ತಪಾಸಣೆ ಆಗುವವರೆಗೆ ಆಟ ನಿಲ್ಲಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಮೂನೆ 1ರಲ್ಲಿ ಚಾಲನಾ ಪರವಾನಗಿ ಕೋರುವವರು ಅಪಸ್ಮಾರ ಅಥವಾ ಯಾವುದೇ ಕಾರಣದ ಹಠಾತ್ ಪ್ರಜ್ಞಾಲೋಪ ತಮಗಿದೆಯೇ ಎಂದು ಘೋಷಿಸಬೇಕು.

ಪ್ರಸ್ತುತ ಸ್ಥಿತಿ

ಕರ್ನಾಟಕದಲ್ಲಿ 108 ಸಂಖ್ಯೆಯ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ 2008ರಿಂದ ನಡೆಯುತ್ತಿದೆ. ತುರ್ತು ಕರೆಗೆ ರಾಷ್ಟ್ರೀಯ ಸಂಖ್ಯೆ 112. ಹೃದಯದ ಲಯದ ತೊಂದರೆಗಳಿಗೆ ಜಯದೇವ ಹೃದ್ರೋಗ ಸಂಸ್ಥೆಯ ಬೆಂಗಳೂರು, ಮೈಸೂರು, ಕಲಬುರಗಿ ಆಸ್ಪತ್ರೆಗಳೂ, ಅಪಸ್ಮಾರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ರಾಜ್ಯದ ಪ್ರಮುಖ ಸಾರ್ವಜನಿಕ ಕೇಂದ್ರಗಳು. ಯುರೋಪಿನ ಹೃದ್ರೋಗ ತಜ್ಞರ ಸಂಘ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಮೂರ್ಛೆಯ ವರ್ಗೀಕರಣಕ್ಕೂ ತಪಾಸಣೆಯ ಕ್ರಮಕ್ಕೂ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. ಆಸ್ಪತ್ರೆ ತಲಪುವ ಹೊತ್ತಿಗೆ ರೋಗಿ ಬಹುತೇಕ ಸರಿಹೋಗಿರುವುದರಿಂದ ಬಿದ್ದದ್ದನ್ನು ಕಂಡವರ ಹೇಳಿಕೆಗೆ ಈಗಲೂ ಪರೀಕ್ಷೆಯಷ್ಟೇ ಬೆಲೆಯಿದೆ. ಕಂಡವರು ರೋಗಿಯ ಜೊತೆಗೆ ಆಸ್ಪತ್ರೆಗೆ ಹೋಗುವುದು, ಅಥವಾ ಮೊಬೈಲಿನಲ್ಲಿ ದಾಖಲಾದ ದೃಶ್ಯವಿದ್ದರೆ ವೈದ್ಯರಿಗೆ ತೋರಿಸುವುದು ಕಾರಣ ಪತ್ತೆಗೆ ನೆರವಾಗುತ್ತದೆ.